ಪ್ರತಿವಾದಿಯ ಪಡಿಯಚ್ಚು

ನೀಲಾಂಬಿಕಾ ಹೊಸಕೇರಿ ಕೆಲಸ ಬಿಟ್ಟು ಬಂದ ಮೇಲೂ ಹುಬ್ಬಳ್ಳಿಯ ಅರ್ಕವಾಹಿನಿ ಸಿಸ್ಟಮ್ಸ್ ಕಂಪನಿಯಲ್ಲಿ ಅವಳ ಕೆಲಸ ನಿಂತಿರಲಿಲ್ಲ. ಅವಳ ಕುರ್ಚಿಯಲ್ಲಿ ಬೇರೆ ಯಾರೋ ಕೂತಿದ್ದರು. ಅವಳು ಡಬ್ಬಿ ಇಡುತ್ತಿದ್ದ ಕಿಟಕಿಯ ಕಟ್ಟೆಯ ಮೇಲೆ ಯಾರದೋ ಹೆಲ್ಮೆಟ್ ಇರುತ್ತಿತ್ತು. ಆದರೆ ಕೆಳಗಿನ ಸರ್ವರ್ ಕೋಣೆಯಲ್ಲಿ ಅವಳ ಪಡಿಯಚ್ಚು ದಿನವೂ ಪ್ರೋಗ್ರಾಮ್ ಬರೆಯುತ್ತಿತ್ತು.

ಪಡಿಯಚ್ಚು ಎಂದರೇನೆಂದು ಆ ಹೊತ್ತಿಗೆ ಎಲ್ಲರಿಗೂ ಗೊತ್ತಿತ್ತು. ನೌಕರರು ಕೀಲಿಮಣೆಯ ಮೇಲೆ ಒತ್ತಿದ್ದು, ಒತ್ತಿ ಅಳಿಸಿದ್ದು, ಬರೆಯುವ ಮೊದಲು ತಡೆದು ನಿಂತದ್ದು ಎಲ್ಲವನ್ನೂ ಕಂಪನಿಯ ಯಂತ್ರವೊಂದು ವರ್ಷಗಟ್ಟಲೆ ಗಮನಿಸುತ್ತಿತ್ತು. ಅದಕ್ಕೆ ಆ ಮನುಷ್ಯನ ನೆನಪುಗಳು ಗೊತ್ತಿರಲಿಲ್ಲ, ಹೆಂಡತಿ ಮಕ್ಕಳು ಗೊತ್ತಿರಲಿಲ್ಲ. ಒಂದು ಸಮಸ್ಯೆ ಎದುರಾದಾಗ ಆ ಮನುಷ್ಯ ಎಡಕ್ಕೆ ಹೊರಳುತ್ತಾನೋ ಬಲಕ್ಕೆ ಹೊರಳುತ್ತಾನೋ ಎಂಬುದಷ್ಟೇ ಗೊತ್ತಿತ್ತು. ಸಾಕಷ್ಟು ವರ್ಷ ಗಮನಿಸಿದರೆ ಅಷ್ಟೇ ಸಾಕೆಂದು ಕಂಪನಿಗಳಿಗೆ ಮನವರಿಕೆಯಾಗಿತ್ತು. ನೌಕರ ಬಿಟ್ಟುಹೋದರೂ ಅವನ ಪಡಿಯಚ್ಚು ಅವನಂತೆಯೇ ಬರೆಯುತ್ತ ಇರುತ್ತಿತ್ತು, ಮತ್ತು ಅದು ಬರೆದದ್ದೆಲ್ಲ ಕಂಪನಿಯ ಸ್ವತ್ತಾಗಿರುತ್ತಿತ್ತು.

ನೀಲಾ ಇದಕ್ಕೆ ಸಹಿ ಹಾಕಿದ್ದಳು. ಸೇರುವಾಗಿನ ಕರಾರಿನಲ್ಲಿ ಈ ಮಾತು ಇರಲಿಲ್ಲ. ಆಗ ಇಂಥ ಯಂತ್ರವೂ ಇರಲಿಲ್ಲ. ಆಮೇಲೊಂದು ವರ್ಷ ಆರೋಗ್ಯ ವಿಮೆಯನ್ನು ನವೀಕರಿಸುವಾಗ ಎಲ್ಲರೂ ಟ್ಯಾಬ್ಲೆಟ್ಟಿನ ಮೇಲೆ ಹೆಬ್ಬೆರಳು ಒತ್ತಿದ್ದರು. ಆ ಪುಟಗಳ ನಡುವೆ ಈ ಕಲಮು ಸೇರಿತ್ತು. ಓದಿದ್ದರೂ ಅವಳು ಬೆರಳು ಒತ್ತುತ್ತಿದ್ದಳು. ಆ ವರ್ಷ ಅವಳ ಗಂಡ ಗುರುಪಾದನಿಗೆ ಬೆನ್ನುಮೂಳೆಯ ಆಪರೇಷನ್ ಆಗುವುದಿತ್ತು.

ಅವಳು ಕಂಪನಿ ಬಿಟ್ಟದ್ದು ಜಗಳವಾಡಿ ಅಲ್ಲ. ಮನೆಯಲ್ಲೇ ಡಯಾಲಿಸಿಸ್ ಮಾಡಿಕೊಳ್ಳುವ ಸಣ್ಣ ಯಂತ್ರಗಳಿಗೆ ಪ್ರೋಗ್ರಾಮ್ ಬರೆಯುವ ವಿಭಾಗವೊಂದು ಅಲ್ಲಿತ್ತು; ನೀಲಾ ಅದರ ಮುಖ್ಯಸ್ಥೆ. ಲಾಭವಿಲ್ಲವೆಂದು ಕಂಪನಿ ಅದನ್ನು ಮುಚ್ಚಿ ಅವಳನ್ನು ಲಿಫ್ಟ್‌ಗಳ ವಿಭಾಗಕ್ಕೆ ಹಾಕಿತು. ಅಲ್ಲಿ ಒಂದಷ್ಟು ತಿಂಗಳು ಕೂತು, ಬೇಸರ ಬಂದು, ರಾಜೀನಾಮೆ ಕೊಟ್ಟಳು. ಹೊರಡುವಾಗ ಕಂಪನಿಯವರು ಅವಳ ಚೀಲ, ಫೋನು ಎಲ್ಲವನ್ನೂ ಪರೀಕ್ಷಿಸಿ, ಏನನ್ನೂ ಒಯ್ಯುತ್ತಿಲ್ಲವೆಂದು ಬರೆದುಕೊಟ್ಟರು. ಆ ವಿಭಾಗವನ್ನು ನೋಡಿಕೊಳ್ಳುತ್ತಿದ್ದ ನಿರ್ದೇಶಕ ಜಯತೀರ್ಥ ಮುದಗಲ್ ಗೇಟಿನ ತನಕ ಬಂದು ಕಳಿಸಿಕೊಟ್ಟರು.

ಆಮೇಲೆ ಗದಗಿನ ಒಂದು ಧರ್ಮಾರ್ಥ ಆಸ್ಪತ್ರೆಯವರು ಅವಳನ್ನು ಹುಡುಕಿಕೊಂಡು ಬಂದರು. ಸೂಟ್‌ಕೇಸಿನಷ್ಟು ದೊಡ್ಡ ಡಯಾಲಿಸಿಸ್ ಯಂತ್ರಗಳನ್ನು ಅವರು ಬೆಳಗಾವಿಯ ಒಂದು ವರ್ಕ್‌ಶಾಪಿನಲ್ಲಿ ಮಾಡಿಸಿದ್ದರು. ಅವುಗಳನ್ನು ನಡೆಸುವ ಪ್ರೋಗ್ರಾಮ್ ಬೇಕಿತ್ತು. ನೀಲಾ ಮನೆಯ ಊಟದ ಮೇಜಿನ ಮೇಲೆಯೇ ಲ್ಯಾಪ್‌ಟಾಪ್ ಇಟ್ಟುಕೊಂಡು, ಹಳೆಯದನ್ನು ಮುಟ್ಟದೆ, ಮೊದಲ ಸಾಲಿನಿಂದ ಬರೆದಳು. ಗುರುಪಾದ ಹೈಸ್ಕೂಲಿನಲ್ಲಿ ಚಿತ್ರಕಲೆಯ ಮಾಸ್ತರ. ಅವನು ಸಂಜೆ ಬಂದು ಮೇಜಿನ ಇನ್ನೊಂದು ತುದಿಯಲ್ಲಿ ಊಟ ಮಾಡುವುದನ್ನು ರೂಢಿಸಿಕೊಂಡ.

ಬರೆಯುವಾಗ ಅವಳು ಆಗಾಗ ಗದಗಿಗೆ ಹೋಗುತ್ತಿದ್ದಳು. ಕಂಪನಿಯಲ್ಲಿದ್ದಾಗ ರೋಗಿಗಳನ್ನು ನೋಡುವ ಪದ್ಧತಿ ಇರಲಿಲ್ಲ. ಅನುಮಾನ ಬಂದಲ್ಲಿ ಪ್ರೋಗ್ರಾಮಿನ ನಡುವೆ ಒಂದು ಟಿಪ್ಪಣಿ ಬರೆದಿಟ್ಟು, ಯಾವುದಾದರೂ ಆಸ್ಪತ್ರೆಯ ನರ್ಸಿಗೆ ಫೋನ್ ಮಾಡಿ ಕೇಳುತ್ತಿದ್ದಳು, ಉತ್ತರ ಸಿಕ್ಕ ಮೇಲೆ ಮುಂದಿನ ಸಾಲಿಗೆ ಹೋಗುತ್ತಿದ್ದಳು. ಈಗ ಮನೆಗಳಿಗೇ ಹೋಗಿ ಕೂತಳು. ಹೆಚ್ಚಾಗಿ ಹೋದದ್ದು ಬೆಟಗೇರಿಯಲ್ಲಿ ಗಾದಿ ತುಂಬುವ ಕೆಲಸ ಮಾಡುವ ರಾಜೇಸಾಬ ನದಾಫರ ಮನೆಗೆ. ಅವರಿಗೆ ಎರಡೂ ಮೂತ್ರಪಿಂಡ ಹೋಗಿದ್ದವು. ಮುಂದಿನ ಕೋಣೆಯಲ್ಲಿ ಅವರು ಆಸ್ಪತ್ರೆ ಪ್ರಯೋಗಕ್ಕೆಂದು ಇಟ್ಟ ಯಂತ್ರಕ್ಕೆ ತೋಳು ಕೊಟ್ಟು ಮಲಗಿರುತ್ತಿದ್ದರು. ಪಕ್ಕದ ತಗಡಿನ ಶೆಡ್ಡಿನಲ್ಲಿ ಹೆಂಡತಿ ಖೈರುನ್ನಿಸಾ ಹತ್ತಿ ಬಿಡಿಸುವ ಮಷೀನು ಓಡಿಸುತ್ತಿದ್ದಳು.

ಡಯಾಲಿಸಿಸ್ ನಡೆಯುವಾಗ ಕೆಲವೊಮ್ಮೆ ರಕ್ತದೊತ್ತಡ ಕುಸಿಯುತ್ತದೆ. ಯಂತ್ರ ಮೈಯಿಂದ ನೀರನ್ನು ಬೇಗ ಬೇಗ ಎಳೆದರೆ ಹೀಗಾಗುವುದುಂಟು. ಅಂಥ ಹೊತ್ತಿನಲ್ಲಿ ಗಂಟೆ ಬಾರಿಸಿ ನಿಂತುಬಿಡುವುದು ಯಂತ್ರಗಳ ಸಾಮಾನ್ಯ ರೀತಿ. ಒಂದು ಮಧ್ಯಾಹ್ನ ನೀಲಾಳ ಎದುರಿಗೇ ಹಾಗಾಯಿತು. ಗಂಟೆ ಕೇಳಿ ರಾಜೇಸಾಬ ಗಾಬರಿಬಿದ್ದರು, ಕುಸಿಯುತ್ತಿದ್ದ ಒತ್ತಡ ಮತ್ತಷ್ಟು ಕುಸಿಯಿತು. ಹತ್ತಿಯ ಮಷೀನಿನ ಸದ್ದಿನಲ್ಲಿ ಖೈರುನ್ನಿಸಾಳಿಗೆ ಗಂಟೆ ಕೇಳಿಸಲೇ ಇಲ್ಲ. ನೀಲಾ ಓಡಿಹೋಗಿ ಅವಳನ್ನು ಕರೆತಂದಳು. ಇಬ್ಬರೂ ಸೇರಿ ಅವರ ಕಾಲುಗಳನ್ನು ಎತ್ತಿ ಗಾದಿಯ ಸುರುಳಿಯ ಮೇಲಿಟ್ಟರು. ಅವರು ಕಣ್ಣು ತೆರೆದ ಮೇಲೆ ನೀಲಾ ಬಹಳ ಹೊತ್ತು ಅಲ್ಲೇ ಗೋಡೆಗೆ ಒರಗಿ ಕೂತಿದ್ದಳು. ಮನೆಗೆ ಬಂದು ಆ ಭಾಗವನ್ನು ಅಳಿಸಿ ಬೇರೆ ಬರೆದಳು. ಒತ್ತಡ ಇಳಿಯತೊಡಗಿದರೆ ಯಂತ್ರ ಮೊದಲು ಸದ್ದಿಲ್ಲದೆ ನೀರೆಳೆಯುವುದನ್ನು ನಿಧಾನ ಮಾಡಬೇಕು. ಆಮೇಲೆ ಮನೆಯವರು ಎಲ್ಲಿ ಕೆಲಸ ಮಾಡುತ್ತಾರೋ ಅಲ್ಲೊಂದು ದೀಪ ಹೊತ್ತಿಸಬೇಕು. ರೋಗಿಯ ಕಿವಿಗೆ ಗಂಟೆ ಬೀಳುವುದು ಕಟ್ಟಕಡೆಯದು.

ಯಂತ್ರಗಳು ಗದಗ ಜಿಲ್ಲೆಯ ಒಂದಿಷ್ಟು ಮನೆಗಳಲ್ಲಿ ನಡೆಯತೊಡಗಿದವು. ಇನ್ನೊಂದಿಷ್ಟು ಮನೆಗಳಿಗೆ ಹೋಗಲು ಸಿದ್ಧವಾಗಿದ್ದವು. ಆಗ ನೋಟೀಸು ಬಂತು.

ಅರ್ಕವಾಹಿನಿ ಕಂಪನಿ ತನ್ನ ಸಾಫ್ಟ್‌ವೇರಿನ ಕೃತಿಸ್ವಾಮ್ಯ ಉಲ್ಲಂಘನೆಯಾಗಿದೆ ಎಂದು ದಾವೆ ಹೂಡಿತ್ತು. ನೀಲಾ ರಾಜೀನಾಮೆ ಕೊಟ್ಟ ಮೇಲೆ ಬೇರೊಂದು ಆಸ್ಪತ್ರೆಯ ಕೋರಿಕೆಯ ಮೇರೆಗೆ ಕಂಪನಿ ಅವಳ ಪಡಿಯಚ್ಚಿಗೆ ಇಂಥದೇ ಕೆಲಸ ಕೊಟ್ಟಿತ್ತು. ಅದು ಕೆಲವೇ ದಿನಗಳಲ್ಲಿ ಬರೆದು ಮುಗಿಸಿತ್ತು. ಕಂಪನಿ ಅದನ್ನು ನೋಂದಾಯಿಸಿತ್ತು. ನೀಲಾ ಊಟದ ಮೇಜಿನ ಮೇಲೆ ಬರೆದದ್ದು ಬಹುಪಾಲು ಅದರಂತೆಯೇ ಇತ್ತು, ಮತ್ತು ಅದಕ್ಕಿಂತ ಎರಡು ತಿಂಗಳು ತಡವಾಗಿ ಮುಗಿದಿತ್ತು. ಕಾಗದದ ಪ್ರಕಾರ ನಕಲು ಮಾಡಿದವಳು ಅವಳೇ.

ಗುರುಪಾದ ನೋಟೀಸನ್ನು ಎರಡು ಸಲ ಓದಿ, ಕನ್ನಡಕ ತೆಗೆದಿಟ್ಟು, ಅಲ್ಲಿಂದ ಏನಾದರೂ ತಂದಿದ್ದಳೇ ಎಂದು ಕೇಳಿದ. ಇಲ್ಲವೆಂದಳು. ಅವನಿಗೂ ಅದು ಗೊತ್ತಿತ್ತು.

"ಹಂಗಾರ ನೀ ನಿನ್ನನ್ನ ನೋಡಿ ಕಾಪಿ ಹೊಡದಿ ಅಂತಾರೇನು?" ಎಂದ.

"ಹಂಗs ಅಂತಾರ," ಎಂದಳು ನೀಲಾ.

ಅವಳ ವಕೀಲ ಕೃಷ್ಣಾಜಿ ಇನಾಮದಾರರ ಕಚೇರಿ ಧಾರವಾಡದಲ್ಲಿ ಕೋರ್ಟಿನ ಎದುರಿಗಿತ್ತು. ಇಂಥ ಕೇಸುಗಳನ್ನು ಅವರು ಬಹಳ ನೋಡಿದ್ದರು. ಕೆಲಸ ಬಿಟ್ಟವರು ತಮ್ಮ ಕೈಗೆ ತಾವೇ ಹೆದರುವ ಕಾಲ ಬಂದಿದೆ ಎಂದರು. ಅವರ ಕಕ್ಷಿದಾರನೊಬ್ಬ ಬರೆಯುವುದನ್ನೇ ಬಿಟ್ಟು ಟೈಲ್ಸ್ ಅಂಗಡಿ ಇಟ್ಟಿದ್ದ. ಇನ್ನೊಬ್ಬ ತನ್ನದೇ ಪಡಿಯಚ್ಚನ್ನು ನೋಡಿಕೊಳ್ಳುವ ನೌಕರಿಗೆ ಹಳೆಯ ಕಂಪನಿಗೇ ವಾಪಸು ಸೇರಿದ್ದ, ಅರ್ಧ ಸಂಬಳಕ್ಕೆ. ಇನಾಮದಾರರು ಯಾರನ್ನೂ ಬೈಯದೆ, ಯಾವುದಕ್ಕೂ ಆಶ್ಚರ್ಯಪಡದೆ, ಹವಾಮಾನ ಹೇಳಿದಂತೆ ಇದನ್ನೆಲ್ಲ ಹೇಳಿದರು.

ಮೊದಲ ವಿಚಾರಣೆಯಲ್ಲಿ ಕೋರ್ಟು ತಾತ್ಕಾಲಿಕ ಆದೇಶ ಕೊಟ್ಟಿತು. ಈಗಾಗಲೇ ನಡೆಯುತ್ತಿರುವ ಯಂತ್ರಗಳು ನಡೆಯಲಿ, ಹೊಸದಾಗಿ ಒಂದನ್ನೂ ಕೊಡಕೂಡದು, ಪ್ರೋಗ್ರಾಮಿನ ಒಂದಕ್ಷರವನ್ನೂ ತಿದ್ದಕೂಡದು. ಸಿದ್ಧವಾಗಿದ್ದ ಯಂತ್ರಗಳು ಆಸ್ಪತ್ರೆಯ ಗೋದಾಮಿನಲ್ಲಿ ಪ್ಲಾಸ್ಟಿಕ್ ಹೊದ್ದು ಕೂತವು.

ಎರಡನೆಯ ವಿಚಾರಣೆಗೆ ಕಂಪನಿಯ ತಜ್ಞರು ಎರಡೂ ಪ್ರೋಗ್ರಾಮುಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿದರು. ಎಲ್ಲ ಲೆಕ್ಕ ಮುಗಿದ ಮೇಲೆ ಕೊನೆಯದಾಗಿ ಒಮ್ಮೆ ಪರೀಕ್ಷಿಸುವ ಭಾಗಕ್ಕೆ ಎರಡರಲ್ಲೂ "ಒಗ್ಗರಣೆ" ಎಂದು ಹೆಸರಿತ್ತು. ಕೋರ್ಟಿನಲ್ಲಿ ಒಂದಿಬ್ಬರು ನಕ್ಕರು. ಬೇರೆ ಬೇರೆಯಾಗಿ ಕೆಲಸ ಮಾಡಿದ ಇಬ್ಬರಿಗೆ ಇದೇ ಹೆಸರು ಹೊಳೆಯುವುದು ಸಾಧ್ಯವೇ ಎಂದು ಕಂಪನಿಯ ವಕೀಲರು ಕೇಳಿದರು. ನೀಲಾ ಮದುವೆಯಾದ ಹೊಸತರಿಂದಲೂ ತನ್ನ ಪ್ರೋಗ್ರಾಮುಗಳಿಗೆ ಅಡುಗೆಯ ಹೆಸರು ಇಡುತ್ತಿದ್ದಳು. ಅದನ್ನು ಹೇಳಿದರೆ, ಆ ರೂಢಿಯೂ ಪಡಿಯಚ್ಚು ಕಲಿತದ್ದೇ ಎಂದು ಅದೂ ಕಂಪನಿಯ ಕಡೆಗೇ ಸಾಕ್ಷಿಯಾಗುತ್ತಿತ್ತು.

ಆಗ ನ್ಯಾಯಾಧೀಶರು ಒಂದು ಪರೀಕ್ಷೆಯನ್ನು ಸೂಚಿಸಿದರು. ಅವರು ತುಮಕೂರು ಕಡೆಯ ಹೆಂಗಸು, ಕಡಿಮೆ ಮಾತಿನವರು. ನೀಲಾಳಿಗೂ ಪಡಿಯಚ್ಚಿಗೂ ಒಂದೇ ಸಮಸ್ಯೆ ಕೊಡುವುದು. ಕೋರ್ಟು ನೇಮಿಸಿದ ತಜ್ಞರ ಎದುರಿಗೆ ಇಬ್ಬರೂ ಬೇರೆ ಬೇರೆ ಕೋಣೆಯಲ್ಲಿ ಬರೆಯುವುದು.

ಇದು ಹೇಗೆ ಬಂದರೂ ಕಷ್ಟವೇ ಎಂದು ಇನಾಮದಾರರು ಆ ಸಂಜೆ ಬಿಡಿಸಿ ಹೇಳಿದರು. ಎರಡೂ ಒಂದೇ ಥರ ಬಂದರೆ, ಇದು ಒಂದೇ ಬುದ್ಧಿ, ಆ ಬುದ್ಧಿಯ ಕೆಲಸವೆಲ್ಲ ಕರಾರಿನ ಪ್ರಕಾರ ನಮ್ಮದು ಎಂದು ಕಂಪನಿ ಹೇಳುತ್ತದೆ. ಬೇರೆ ಬೇರೆ ಬಂದರೆ, ಇಬ್ಬರ ಬುದ್ಧಿ ಬೇರೆಯಿದ್ದಮೇಲೆ ಮೊದಲಿನದು ಹೇಗೆ ಒಂದೇ ಆಯಿತು, ಕದ್ದದ್ದೇ ಸರಿ ಎನ್ನುತ್ತದೆ. ಆದರೂ ಬೇರೆ ಬರೆಯುವುದೇ ವಾಸಿ, ಆಗ ವಾದಕ್ಕೆ ಸ್ವಲ್ಪ ಜಾಗ ಸಿಗುತ್ತದೆ ಎಂದು ಅವರು ಸಲಹೆ ಕೊಟ್ಟರು.

ಅದಕ್ಕೂ ಈಗ ತರಗತಿಗಳಿದ್ದವು. ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ "ಕೈ ಬದಲಾವಣೆ" ಕಲಿಸುತ್ತಿದ್ದರು. ಕಂಪನಿ ಬಿಟ್ಟವರು, ಬಿಡುವವರಿದ್ದವರು ಅಲ್ಲಿ ಸಾಲಾಗಿ ಕೂತು ತಾವು ಬರೆಯದ ರೀತಿಯಲ್ಲಿ ಬರೆಯುವುದನ್ನು ಅಭ್ಯಾಸ ಮಾಡುತ್ತಿದ್ದರು. ಮೊದಲು ಹೊಳೆದದ್ದನ್ನು ಬರೆಯಬೇಡಿ, ಎರಡನೆಯದನ್ನೂ ಬೇಡ ಎಂದು ಕಲಿಸುವಾತ ಹೇಳುತ್ತಿದ್ದ. ನೀಲಾ ಕೆಲವು ವಾರ ಹೋದಳು. ಕೆಳಗಿನಿಂದ ಬ್ರೆಡ್ಡಿನ ವಾಸನೆ ಬರುತ್ತಿತ್ತು. ಪಕ್ಕದಲ್ಲಿ ಕೂರುತ್ತಿದ್ದ ನಡುವಯಸ್ಸಿನ ಗಂಡಸು ಪ್ರತಿ ಸಾಲು ಬರೆದ ಮೇಲೂ ಅದು ತನ್ನದಲ್ಲವೆಂದು ಖಚಿತಪಡಿಸಿಕೊಳ್ಳುವಂತೆ ಹಿಂದಕ್ಕೆ ಒರಗಿ ನೋಡುತ್ತಿದ್ದ.

ಅದರ ಪರಿಣಾಮ ಮನೆಯಲ್ಲಿ ಕಾಣತೊಡಗಿತು. ಅಡುಗೆಗೆ ನಿಂತರೆ ಮೊದಲು ಈರುಳ್ಳಿ ಹೆಚ್ಚಬೇಕೋ ಬದನೆಕಾಯಿಯೋ ಎಂದು ಅವಳಿಗೆ ತಿಳಿಯುತ್ತಿರಲಿಲ್ಲ. ಕೈ ಈರುಳ್ಳಿಗೆ ಹೋಗುತ್ತಿತ್ತು, ಹೋದದ್ದಕ್ಕೇ ಹಿಂದೆ ಬರುತ್ತಿತ್ತು. ಒಂದು ದಿನ ಗುರುಪಾದ ಅವಳ ಕೈಯಿಂದ ಚಾಕು ತೆಗೆದುಕೊಂಡು ತಾನೇ ಹೆಚ್ಚಿದ. ಆ ಕ್ಲಾಸಿಗೆ ಹೋಗುವುದು ಸಾಕು ಎಂದಷ್ಟೇ ಹೇಳಿದ. ಅವಳು ಬಿಟ್ಟಳು.

ಪರೀಕ್ಷೆಗೆ ಮುಂಚೆ ಅವಳು ಗದಗಿನ ಆಸ್ಪತ್ರೆಗೆ ಹೋಗಿದ್ದಳು. ಯಂತ್ರಕ್ಕಾಗಿ ಕಾದವರಲ್ಲಿ ಮುಂಡರಗಿ ಕಡೆಯ ಹಳ್ಳಿಯ ಗಂಗವ್ವ ಎಂಬ ಹೆಣ್ಣುಮಗಳಿದ್ದಳು. ಅವಳ ಮನೆಗೆ ಯಂತ್ರ ಹೋಗುವ ವಾರವೇ ಕೋರ್ಟಿನ ಆದೇಶ ಬಂದಿತ್ತು. ಅಂದಿನಿಂದ ಅವಳು ವಾರಕ್ಕೆ ಮೂರು ಸಲ ಬಸ್ಸು ಹಿಡಿದು ಗದಗಿಗೆ ಬಂದು ಡಯಾಲಿಸಿಸ್ ಮಾಡಿಸಿಕೊಂಡು ಹೋಗುತ್ತಿದ್ದಳು. ಈಗ ಹೇಗಿದ್ದಾಳೆಂದು ನೀಲಾ ಕೇಳಿದಾಗ, ಅವಳು ಬರುವುದನ್ನು ನಿಲ್ಲಿಸಿದ್ದಾಳೆ ಎಂದು ನರ್ಸು ಹೇಳಿದಳು. ಫೋನ್ ಮಾಡಿದರೆ ಯಾರೂ ಎತ್ತುತ್ತಿಲ್ಲ. ನೀಲಾ ಮುಂದಿನದನ್ನು ಕೇಳಲಿಲ್ಲ.

ಪರೀಕ್ಷೆ ಕೋರ್ಟಿನ ಹಿಂಭಾಗದ ಕಂಪ್ಯೂಟರ್ ಕೋಣೆಗಳಲ್ಲಿ ನಡೆಯಿತು. ತಜ್ಞರಾಗಿ ವೀರಭದ್ರ ಸವಣೂರ ಎಂಬ ನಿವೃತ್ತ ಪ್ರೊಫೆಸರರು ಬಂದಿದ್ದರು. ಸಮಸ್ಯೆಯ ಹಾಳೆ ಕೈಗೆ ಬಂತು: ಮನೆಯಲ್ಲಿ ಡಯಾಲಿಸಿಸ್ ನಡೆಯುವಾಗ ರೋಗಿಯ ರಕ್ತದೊತ್ತಡ ಕುಸಿಯಿತು. ಯಂತ್ರ ಏನು ಮಾಡಬೇಕು?

ನೀಲಾ ಬೇರೆಯೇ ಥರ ಬರೆಯಬೇಕೆಂದು ನಿಶ್ಚಯಿಸಿಕೊಂಡು ಬಂದಿದ್ದಳು. ಮೊದಲ ಸಾಲಿಗೆ ಕೈ ಇಟ್ಟಾಗ ಗಾದಿಯ ಸುರುಳಿಯ ಮೇಲಿದ್ದ ಆ ಎರಡು ಕಾಲುಗಳು ಕಣ್ಣಿಗೆ ಬಂದವು. ಬೇರೆ ಥರ ಬರೆಯುವುದೆಂದರೆ ಇಲ್ಲಿ ಕೆಟ್ಟದಾಗಿ ಬರೆಯುವುದು ಎಂದಾಗುತ್ತಿತ್ತು. ಯಾವ ಯಂತ್ರಕ್ಕೂ ಹೋಗದ, ಬರೀ ಪರೀಕ್ಷೆಯ ಪ್ರೋಗ್ರಾಮ್ ಇದು ಎಂದು ತನಗೆ ತಾನೇ ಹೇಳಿಕೊಂಡಳು. ಆದರೂ ಕೈ ಬರಲಿಲ್ಲ. ತನಗೆ ಬಂದ ಹಾಗೇ ಬರೆದಳು.

ಮಧ್ಯಾಹ್ನ ಎಲ್ಲರೂ ಮತ್ತೆ ಸೇರಿದಾಗ ಪ್ರೊಫೆಸರರು ಎರಡನ್ನೂ ದೊಡ್ಡ ಪರದೆಯ ಮೇಲೆ ಹಾಕಿದರು. ಅರ್ಧದ ತನಕ ಎರಡಕ್ಕೂ ವ್ಯತ್ಯಾಸವೇ ಇರಲಿಲ್ಲ. ಒಂದೇ ಕೈ ಎರಡು ಸಲ ಬರೆದಂತಿತ್ತು. ಕಂಪನಿಯ ವಕೀಲರು ತಮ್ಮ ಪಕ್ಕದಲ್ಲಿದ್ದ ಮುದಗಲ್ಲರ ಕಡೆ ನೋಡಿದರು. ಮುದಗಲ್ಲರು ಪರದೆಯನ್ನೇ ನೋಡುತ್ತಿದ್ದರು. ಅರ್ಧದ ನಂತರ ನೀಲಾಳ ಪ್ರೋಗ್ರಾಮ್ ಮುಂದೆ ಹೋಗಿತ್ತು. ಪಡಿಯಚ್ಚಿನದು ನಿಂತಿತ್ತು. ನಿಂತಲ್ಲಿ ಒಂದು ಸಾಲು ಇತ್ತು: "ಆ ಹೊತ್ತಿಗೆ ಮನೆಯಲ್ಲಿ ಯಾರಿರುತ್ತಾರೆ? ಕೇಳಿ ಮುಂದುವರಿಸಬೇಕು."

ಅದು ಕೆಟ್ಟಿದೆಯೇ ಎಂದು ನ್ಯಾಯಾಧೀಶರು ಕೇಳಿದರು.

"ಕೆಟ್ಟಿಲ್ರಿ, ಕಾಯಾಕತ್ತೈತಿ," ಎಂದರು ಪ್ರೊಫೆಸರ್ ಸವಣೂರ. "ಈ ನೀಲಾಂಬಿಕಾ ಬಾಯಾರು ಕೆಲಸಾ ಮಾಡುವಾಗ ಅನುಮಾನ ಬಂದಲ್ಲೆ ಹಿಂಗ ಬರದಿಟ್ಟು ಯಾರನ್ನರ ಕೇಳಿ ಬರತಿದ್ರು. ಅದು ಆ ನಿಲ್ಲೂದನ್ನೂ ಕಲ್ತೈತ್ರಿ. ಉತ್ತರಾ ತಂದುಕೊಡವರು ಇಲ್ಲ."

ಕಂಪನಿಯಲ್ಲಿ ಏನು ಮಾಡುತ್ತಾರೆಂದು ನ್ಯಾಯಾಧೀಶರು ಮುದಗಲ್ಲರನ್ನು ಕೇಳಿದರು. ಇಂಥ ಪ್ರಶ್ನೆ ಬಂದಲ್ಲೆಲ್ಲ ಎಂಜಿನಿಯರುಗಳು ಒಂದು ಗುಂಡಿ ಒತ್ತಿ ದಾಟಿಸುತ್ತಾರೆ, ಆಗ ಅದು ಪುಸ್ತಕದ ಸಾಮಾನ್ಯ ಉತ್ತರ ಹಿಡಿದು ಮುಂದೆ ಹೋಗುತ್ತದೆ ಎಂದು ಅವರು ಒಪ್ಪಿಕೊಂಡರು. ಸಾಮಾನ್ಯ ಉತ್ತರವೆಂದರೆ ಗಂಟೆ ಬಾರಿಸಿ ಯಂತ್ರ ನಿಲ್ಲಿಸುವುದು.

ನೀಲಾ ಆ ಸಾಲನ್ನೇ ನೋಡುತ್ತ ಕೂತಿದ್ದಳು. ಇಷ್ಟು ದಿನ ಪಡಿಯಚ್ಚಿನ ಮೇಲೆ ಅವಳಿಗೆ ಇದ್ದದ್ದು ಸಿಟ್ಟು. ಈಗ ಆ ಸಿಟ್ಟನ್ನು ಹುಡುಕಿದರೆ ಸಿಗಲಿಲ್ಲ. ಫೋನ್ ಇಲ್ಲದ ಕೋಣೆಯಲ್ಲಿ ತನ್ನನ್ನೇ ಕೂಡಿಹಾಕಿ ಹೋದಂತೆ ಅನಿಸಿತು.

ಉತ್ತರ ಗೊತ್ತಿದೆಯೇ ಎಂದು ನ್ಯಾಯಾಧೀಶರು ಅವಳನ್ನು ಕೇಳಿದರು. ಗೊತ್ತಿದೆ ಎಂದಳು. ಹಾಗಾದರೆ ಹೇಳಿ, ಅದು ಏನು ಬರೆಯುತ್ತದೋ ನೋಡೋಣ ಎಂದರು. ಎರಡೂ ಕಡೆಯ ವಕೀಲರು ಒಟ್ಟಿಗೇ ಎದ್ದು ನಿಂತರು. ಅವಳು ಉತ್ತರಿಸಿದರೆ ಪಡಿಯಚ್ಚು ಕಲುಷಿತವಾಗುತ್ತದೆ, ಯಾರ ಸ್ವತ್ತೆಂಬುದೇ ಗೋಜಲಾಗುತ್ತದೆ ಎಂದು ಕಂಪನಿಯವರು ಆಕ್ಷೇಪಿಸಿದರು. ತಮ್ಮ ಕಕ್ಷಿದಾರಳದೆಂದು ಹೇಳಲು ಉಳಿದಿರುವುದು ಇದೊಂದೇ ಭಾಗ, ಅದೂ ಹೋಗುತ್ತದೆ ಎಂದು ಇನಾಮದಾರರು ಆಕ್ಷೇಪಿಸಿದರು. ನ್ಯಾಯಾಧೀಶರು ಪೆನ್ನು ಕೆಳಗಿಟ್ಟರು.

"ಉತ್ತರ ಗೊತ್ತಿರೋರು ಇಲ್ಲೇ ಕೂತಿದಾರೆ, ಪ್ರಶ್ನೆ ಅಲ್ಲಿದೆ. ಕಾನೂನಿನಲ್ಲಿ ಇಬ್ಬರನ್ನೂ ಮಾತಾಡ್ಸೋ ದಾರಿ ನನಗೆ ಕಾಣ್ತಿಲ್ಲ. ನೀವೇ ಕೂತು ಏನಾದ್ರೂ ನೋಡಿ," ಎಂದು ಹೇಳಿ ದಿನಾಂಕ ಮುಂದೆ ಹಾಕಿದರು.

ಕೋರ್ಟಿನ ಕ್ಯಾಂಟೀನಿನಲ್ಲಿ ಮುದಗಲ್ಲರು ತಾವಾಗಿಯೇ ಬಂದು ಅವಳ ಮೇಜಿಗೆ ಕೂತರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಒಂದು ಕಾಲಕ್ಕೆ ಇಬ್ಬರೂ ಒಂದೇ ಡಬ್ಬಿಯ ಚಟ್ನಿಪುಡಿ ಹಂಚಿಕೊಂಡು ಉಂಡವರು. ಈ ಕೇಸಿನಲ್ಲಿ ತಮಗೇನೂ ಸಂತೋಷವಿಲ್ಲ ಎಂದರು. ಒಬ್ಬರನ್ನು ಬಿಟ್ಟರೆ ನಾಳೆ ಬಿಟ್ಟುಹೋಗುವ ಪ್ರತಿಯೊಬ್ಬರೂ ಇದೇ ಹಾದಿ ಹಿಡಿಯುತ್ತಾರೆ, ಕಂಪನಿಯಲ್ಲಿ ಈಗ ಮನುಷ್ಯರಿಗಿಂತ ಪಡಿಯಚ್ಚುಗಳೇ ಹೆಚ್ಚು, ಅವೂ ಇಲ್ಲವಾದರೆ ಬಾಗಿಲು ಮುಚ್ಚಬೇಕು ಎಂದರು. ಸುಳ್ಳು ಹೇಳುತ್ತಿದ್ದಾರೆಂದು ನೀಲಾಳಿಗೆ ಅನಿಸಲಿಲ್ಲ. ಅವರು ಪಾಠ ಒಪ್ಪಿಸುವವರ ಹಾಗೆ ಮಾತಾಡುತ್ತಿದ್ದರು.

"ಇನ್ನ ಎಷ್ಟು ವರ್ಷ ನಡಿಸೋದದ ನೀಲಾ ಇದನ್ನ?" ಎಂದು ಕೊನೆಗೆ ಕೇಳಿದರು. "ನನಗಂತೂ ಸಾಕಾಗೇದ."

ನೀಲಾ ಚಹಾದ ಲೋಟವನ್ನು ಸುತ್ತಿಸುತ್ತ ಕೂತಳು. ಗೆದ್ದರೂ ಹೈಕೋರ್ಟಿಗೆ ಹೋಗುತ್ತದೆ. ಅಷ್ಟೂ ದಿನ ಗೋದಾಮಿನ ಯಂತ್ರಗಳು ಅಲ್ಲೇ ಇರುತ್ತವೆ. ಸೋತರೆ ಕಂಪನಿಯ ಪ್ರೋಗ್ರಾಮ್ ಎಲ್ಲ ಮನೆಗಳಿಗೂ ಹೋಗುತ್ತದೆ, ರಾಜೇಸಾಬರ ಕಿವಿಯಲ್ಲಿ ಮತ್ತೆ ಗಂಟೆ ಬಾರಿಸುತ್ತದೆ. ಇವೆರಡರಲ್ಲಿ ಯಾವುದಕ್ಕೂ ಕಾಯುವ ಶಕ್ತಿ ತನ್ನಲ್ಲಿ ಉಳಿದಿಲ್ಲವೆಂದು ಅವಳಿಗೆ ಗೊತ್ತಾಯಿತು.

"ಯಂತ್ರಾ ಬಿಡಸ್ರಿ, ಪ್ರೋಗ್ರಾಮು ನಿಮ್ಮದs ಅಂತ ಬರಕೊಡ್ತೀನಿ," ಎಂದಳು. "ಆದರ ಒಂದ ಸಲ ಅದರ ಮುಂದ ನನ್ನನ್ನ ಕೂಡಸ್ರಿ. ಅದು ಕೇಳಿದ್ದಕ್ಕೆಲ್ಲಾ ಉತ್ತರಾ ಹೇಳಿ ಬರ್ತೀನಿ."

ಮುದಗಲ್ಲರಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ, ಅವಳು ಹೇಳಿದ್ದೆಲ್ಲವೂ ಕಂಪನಿಯದಾಗುತ್ತದೆ, ಗೊತ್ತಿದೆಯಲ್ಲ ಎಂದು ಮೆಲ್ಲಗೆ ನೆನಪಿಸಿದರು. ಗೊತ್ತಿದೆ ಎಂದಳು.

ರಾಜಿಪತ್ರ ತಯಾರಾಯಿತು. ಆಸ್ಪತ್ರೆಗೆ ಪ್ರೋಗ್ರಾಮನ್ನು ಕಂಪನಿ ಉಚಿತವಾಗಿ ಕೊಡುತ್ತದೆ. ನೀಲಾ ಇನ್ನು ಮುಂದೆ ಡಯಾಲಿಸಿಸ್ ಯಂತ್ರಗಳಿಗೆ ಪ್ರೋಗ್ರಾಮ್ ಬರೆಯಕೂಡದು. ಆ ಒಂದು ದಿನದ ನಂತರ ಪಡಿಯಚ್ಚನ್ನು ಸಂಪರ್ಕಿಸಕೂಡದು. ಇನಾಮದಾರರು ಎಲ್ಲವನ್ನೂ ಓದಿ ಹೇಳಿ, ಇದಕ್ಕೆ ಸಹಿ ಹಾಕೆಂದು ತಾವು ಸಲಹೆ ಕೊಡುವುದಿಲ್ಲ, ಬೇಡವೆಂದೂ ಹೇಳುವುದಿಲ್ಲ ಎಂದರು.

ಗುರುಪಾದ ಮಾತ್ರ ಆ ದಿನ ಮಾತು ನುಂಗಿಕೊಳ್ಳಲಿಲ್ಲ.

"ಅಂದ್ರ ಉಳದದ್ದನ್ನೂ ಕೊಟ್ಟ ಬರ್ತಿ," ಎಂದ. "ಅವರು ಕದ್ದದ್ದು ಸಾಲಲಿಲ್ಲಂತ ನೀನs ಒಯ್ದು ಕೊಡಾಕಿ."

"ನಾ ಇಟಗೊಂಡು ಏನ್ ಮಾಡ್ಲಿ? ಬರ್ಯಾಕಂತೂ ಬರೂದಿಲ್ಲ. ಅಲ್ಲೆರ ಇರ್ಲಿ."

ಅವನಿಗೆ ಒಪ್ಪಿಗೆಯಾಗಲಿಲ್ಲ. ಎರಡು ದಿನ ಅವರಿಬ್ಬರೂ ಬೇಕಾದಷ್ಟೇ ಮಾತಾಡಿದರು. ಮೂರನೆಯ ದಿನ ಅವನೇ ಅವಳನ್ನು ಸ್ಕೂಟರಿನ ಮೇಲೆ ಕೂರಿಸಿಕೊಂಡು ಗೋಕುಲ ರೋಡಿನ ಆ ಕಟ್ಟಡದ ತನಕ ಬಿಟ್ಟು ಬಂದ.

ಸರ್ವರ್ ಕೋಣೆ ತಣ್ಣಗಿತ್ತು. ಅವಳಿಗೆ ಒಂದು ಶಾಲು ಕೊಟ್ಟರು. ಪಡಿಯಚ್ಚಿಗೆ ಮುಖವಿರಲಿಲ್ಲ, ದನಿಯಿರಲಿಲ್ಲ. ಒಂದು ಪರದೆ, ಒಂದು ಕೀಲಿಮಣೆ. ಇಷ್ಟು ವರ್ಷ ಎಂಜಿನಿಯರುಗಳು ಗುಂಡಿ ಒತ್ತಿ ದಾಟಿಸಿದ್ದ ಪ್ರಶ್ನೆಗಳನ್ನು ಅದು ಬಿಟ್ಟಿರಲಿಲ್ಲ. ಎಲ್ಲವೂ ಒಂದರ ಹಿಂದೆ ಒಂದು ಬರತೊಡಗಿದವು. ಲಿಫ್ಟಿನಲ್ಲಿ ಮುದುಕರು ಇದ್ದರೆ ಬಾಗಿಲು ಎಷ್ಟು ಹೊತ್ತು ತೆರೆದಿರಬೇಕು. ರೋಗಿ ರಂಜಾನಿನ ರೋಜಾ ಉಪವಾಸ ಹಿಡಿದಿದ್ದರೆ ಯಂತ್ರಕ್ಕೆ ಹೇಳುತ್ತಾನೋ ಮುಚ್ಚಿಡುತ್ತಾನೋ. ಕರೆಂಟು ಹೋದಾಗ ಮನೆಯವರು ಮೊದಲು ಯಂತ್ರದ ಕಡೆ ಬರುತ್ತಾರೋ ನೀರಿನ ಮೋಟರಿನ ಕಡೆ ಹೋಗುತ್ತಾರೋ. ಅವಳು ಹಿಂದೆ ನರ್ಸುಗಳನ್ನು ಕೇಳುತ್ತಿದ್ದ ಹಾಗೆಯೇ ಅದು ಕೇಳುತ್ತಿತ್ತು, ಅದೇ ಗಿಡ್ಡ ವಾಕ್ಯಗಳಲ್ಲಿ. ನೀಲಾ ಒಂದೊಂದಕ್ಕೂ ಉತ್ತರ ಬರೆದಳು. ಗದಗಿನ ಮನೆಗಳು, ಹಾಸಿಗೆಗಳು, ಶೆಡ್ಡುಗಳು, ಹೆದರುವವರು, ಹೆದರಿದ್ದನ್ನು ತೋರಿಸದವರು, ಎಲ್ಲವನ್ನೂ ಬರೆದಳು. ಗೊತ್ತಿಲ್ಲದ ಕಡೆ ಗೊತ್ತಿಲ್ಲವೆಂದು ಬರೆದಳು. ಅದನ್ನೂ ಅದು ತೆಗೆದುಕೊಂಡು ಮುಂದೆ ಹೋಯಿತು.

ಕೋರ್ಟಿನಲ್ಲಿ ನಿಂತಿದ್ದ ಪ್ರಶ್ನೆ ಊಟದ ನಂತರ ಬಂತು. ಆ ಹೊತ್ತಿಗೆ ಮನೆಯಲ್ಲಿ ಯಾರಿರುತ್ತಾರೆ? ಹೆಂಡತಿ ಇರುತ್ತಾಳೆ, ಪಕ್ಕದ ಶೆಡ್ಡಿನಲ್ಲಿ, ಮಷೀನಿನ ಸದ್ದಿನಲ್ಲಿ, ಅವಳಿಗೆ ಗಂಟೆ ಕೇಳುವುದಿಲ್ಲ, ಗಂಡನಿಗೆ ಕೇಳುತ್ತದೆ, ಕೇಳಿ ಹೆದರುತ್ತಾನೆ ಎಂದು ನೀಲಾ ಬರೆದಳು. ಅಷ್ಟೇ ಬರೆದಳು, ಏನು ಮಾಡಬೇಕೆಂದು ಹೇಳಲಿಲ್ಲ. ಪರದೆಯ ಮೇಲೆ ಸಾಲುಗಳು ಬಂದವು: ನೀರೆಳೆಯುವುದನ್ನು ಸದ್ದಿಲ್ಲದೆ ನಿಧಾನ ಮಾಡುವುದು, ಶೆಡ್ಡಿನಲ್ಲಿ ದೀಪ, ಗಂಟೆ ಕಟ್ಟಕಡೆಗೆ. ಅವಳು ಮನೆಯಲ್ಲಿ ಬರೆದದ್ದನ್ನು ಅದು ಎಂದೂ ಕಂಡಿರಲಿಲ್ಲ. ಮುದಗಲ್ಲರು ಕಾಫಿ ಹಿಡಿದುಕೊಂಡು ಹಿಂದೆ ನಿಂತಿದ್ದವರು ಅದನ್ನು ಓದಿ, ಲೋಟವನ್ನು ಮೇಜಿನ ಮೇಲಿಟ್ಟು ಹೊರಗೆ ಹೋದರು. ನೀಲಾ ಕಣ್ಣು ಒರೆಸಿಕೊಂಡಳು. ಆಮೇಲೆ ಮುಂದಿನ ಪ್ರಶ್ನೆ ಓದಿದಳು.

ಸಂಜೆ ಹೊರಬಂದಾಗ ಅವಳಿಗೆ ಹಗುರವೂ ಆಗಲಿಲ್ಲ, ದುಃಖವೂ ಆಗಲಿಲ್ಲ. ಬಹಳ ದಿನದ ಜ್ವರ ಬಿಟ್ಟ ಮೇಲೆ ಮೈಗೆ ಆಗುವಂಥ ಸುಸ್ತು. ಗುರುಪಾದ ಗೇಟಿನ ಹತ್ತಿರ ಕಾಯುತ್ತಿದ್ದ. ದಾರಿಯಲ್ಲಿ ಸ್ಕೂಟರ್ ನಿಲ್ಲಿಸಿ ಅವಳಿಗೆ ಗಿರ್ಮಿಟ್ ಕೊಡಿಸಿದ. ಅವಳು ಪೂರ್ತಿ ತಿಂದಳು.

ಗೋದಾಮಿನ ಯಂತ್ರಗಳು ಮನೆಗಳಿಗೆ ಹೋದವು. ಗಂಗವ್ವನ ಪಾಲಿನದು ಬೇರೆಯವರ ಮನೆಗೆ ಹೋಯಿತು. ನೀಲಾ ಬರೆಯುವ ಕೆಲಸ ಬಿಟ್ಟು, ಆಸ್ಪತ್ರೆಯ ಪರವಾಗಿ ಮನೆ ಮನೆಗೆ ಹೋಗಿ ಯಂತ್ರವನ್ನು ನಡೆಸುವುದು, ತೊಳೆಯುವುದು ಹೇಗೆಂದು ತೋರಿಸಿಕೊಡುವ ಕೆಲಸ ಹಿಡಿದಳು. ಕೆಲವೊಮ್ಮೆ ಊಟದ ಮೇಜಿನ ಮುಂದೆ ಕೂತಾಗ ಬೆರಳುಗಳು ಮರದ ಮೇಲೆ ತಾವೇ ಆಡುತ್ತಿದ್ದವು. ಗುರುಪಾದ ಅದನ್ನು ನೋಡಿಯೂ ನೋಡದಂತೆ ಇರುತ್ತಿದ್ದ.

ಮರುವರ್ಷ ಚಳಿಗಾಲದಲ್ಲಿ ಒಮ್ಮೆ ಬೆಟಗೇರಿಗೆ ಹೋದಳು. ರಾಜೇಸಾಬರ ತೋಳಿನಿಂದ ಕೊಳವೆಗಳು ಯಂತ್ರಕ್ಕೆ ಹೋಗಿದ್ದವು. ಅವರು ಗೊರಕೆ ಹೊಡೆಯುತ್ತ ಮಲಗಿದ್ದರು. ಇತ್ತೀಚೆಗೆ ಯಂತ್ರ ಬೇರೆ ಥರ ಆಗಿದೆ ಎಂದು ಖೈರುನ್ನಿಸಾ ಹೇಳಿದಳು. ಅವರಿಗೆ ನಿದ್ದೆ ಹತ್ತಿದರೆ ಅದಕ್ಕೆ ತಿಳಿಯುತ್ತದೆ. ಮುಂದಿನ ಹಸಿರು ದೀಪವನ್ನು ಮಂಕು ಮಾಡುತ್ತದೆ, ಪಂಪಿನ ಸದ್ದನ್ನೂ ತಗ್ಗಿಸುತ್ತದೆ. ಮೊದಲು ಆ ದೀಪ ಕಣ್ಣಿಗೆ ಬಿದ್ದು ಅವರಿಗೆ ನಿದ್ದೆಯೇ ಬರುತ್ತಿರಲಿಲ್ಲ.

ನೀಲಾ ಬಗ್ಗಿ ನೋಡಿದಳು. ದೀಪ ಹೌದು, ಮಂಕಾಗಿತ್ತು. ಇದನ್ನು ಅವಳು ಬರೆದಿರಲಿಲ್ಲ. ಆ ದಿನ ಹೇಳಿಯೂ ಇರಲಿಲ್ಲ. ತಾನಾಗಿದ್ದರೆ ಇದು ಹೊಳೆಯುತ್ತಿತ್ತೋ ಇಲ್ಲವೋ ಎಂದು ಯೋಚಿಸಿದಳು, ತಿಳಿಯಲಿಲ್ಲ.

"ಭಾಳ ಛಲೋ ಆತು ಬಿಡ್ರಿ, ನೀವು ಮಾಡಿದ್ದು," ಎಂದಳು ಖೈರುನ್ನಿಸಾ.

"ನಾ ಮಾಡಿಲ್ರಿ ಇದನ್ನ."

"ಮತ್ತ್ಯಾರ್ರಿ?"

"ಹುಬ್ಬಳ್ಳ್ಯಾಗ ಒಬ್ಬಾಕಿ ಅದಾಳ್ರಿ," ಎಂದಳು ನೀಲಾ. "ಒಬ್ಬಾಕೆs ಇರ್ತಾಳ. ಚಂದ ಕೆಲಸಾ ಮಾಡ್ತಾಳ."

ಖೈರುನ್ನಿಸಾ ಮಲಗಿದ್ದ ಗಂಡನನ್ನೂ ಯಂತ್ರವನ್ನೂ ಒಮ್ಮೆ ನೋಡಿದಳು.

"ಹಂಗಾರ ಆಕಿಗೆ ಹೇಳ್ರಿ," ಎಂದಳು. "ಇವರು ನಿದ್ದಿ ಮಾಡಾಕತ್ತಾರ ಅಂತ."

ನೀಲಾ ಹೇಳುತ್ತೇನೆ ಎಂದಳು.